ಎಳೆಯುವ ಕೈ, ಬಿಟ್ಟುಕೊಡುವ ಕೈ: ಕೀಲು–ಸ್ನಾಯುಗಳ ಕೆಲಸವನ್ನು ನಿಮ್ಮ ಮೈಯಲ್ಲೇ ಮುಟ್ಟಿ ನೋಡುವ ಬಗೆ

ನಮ್ಮ ತೋಟದ ಅಡಿಕೆ ಗೊನೆ (ನಮ್ಮ ಕಡೆ ಅದು 'ಕೊನೆ') ತೆಗೆಯಲು ಬರುವ ಕೊನೆಗಾರ ನನ್ನ ಹಳೆಯ ವಿದ್ಯಾರ್ಥಿ. ತೀರ್ಥಹಳ್ಳಿ ಸೀಮೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದ ನನಗೆ ಇಂಥ ವಿದ್ಯಾರ್ಥಿಗಳು ದಾರಿಯುದ್ದಕ್ಕೂ ಸಿಗುತ್ತಾರೆ. ಅವನಿಗೆ ಐವತ್ತು ದಾಟಿದೆ. ಆದರೂ ಒಂದು ಅಡಿಕೆ ಮರದ ತುದಿಯಿಂದ ಇನ್ನೊಂದಕ್ಕೆ ಬಾಗಿಸಿಕೊಂಡು ದಾಟುವುದನ್ನು ನೋಡಿದರೆ ಕೆಳಗೆ ನಿಂತವರ ಕಾಲೇ ನಡುಗುತ್ತದೆ. ಹೋದ ಕೊಯ್ಲಿನಲ್ಲಿ ಅಂಗಳದ ಕಟ್ಟೆಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದ: "ಮೇಷ್ಟ್ರೇ, ಗುಡ್ಡ ಹತ್ತುವಾಗ ಏದುಸಿರು ಬರುತ್ತದೆ, ಮಂಡಿ ಸುಮ್ಮನಿರುತ್ತದೆ. ಇಳಿಯುವಾಗ ಉಸಿರು ಸುಮ್ಮನಿರುತ್ತದೆ, ಮಂಡಿ ಕೂಗುತ್ತದೆ. ಇದು ಯಾವ ನ್ಯಾಯ?"

ಅಸ್ಥಿಪಂಜರದ ಪಟ ನೇತುಹಾಕಿ, ವಯಸ್ಕರ ಮೈಯಲ್ಲಿ 206 ಮೂಳೆ ಎಂದು ಸಾವಿರ ಸಲ ಹೇಳಿದವನು ನಾನು. ಈ ಪ್ರಶ್ನೆಗೆ ಮಾತ್ರ ಥಟ್ಟನೆ ಉತ್ತರ ಬರಲಿಲ್ಲ. ಮೂಳೆ ಎಣಿಸುವುದನ್ನು ಕಲಿಸಿದ್ದೆ, ಅವು ಒಟ್ಟಾಗಿ ಹೇಗೆ ದುಡಿಯುತ್ತವೆ ಎಂಬುದನ್ನು ಸರಿಯಾಗಿ ಕಲಿಸಿರಲಿಲ್ಲ. ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಓದುತ್ತಾ ಹೋದರೆ ಸಾಲದು, ಪ್ರತಿ ಹಂತದಲ್ಲೂ ಎದ್ದು ಮಾಡಿ ನೋಡಬೇಕು. ಒಂದು ಕುರ್ಚಿ, ಒಂದು ಮಣೆ, ನೀರು ತುಂಬಿದ ಬಕೆಟ್, ಉದ್ದನೆಯ ಕೋಲು, ಒಂದು ಗೋಡೆ ಇದ್ದರೆ ಸಾಕು. ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಈಗಾಗಲೇ ಕಾಲು ಅಥವಾ ಸೊಂಟ ಹಿಡಿದುಕೊಂಡಿರುವವರು ಓದಿಕೊಂಡರೆ ಸಾಕು, ಮಾಡುವುದು ಬೇಡ.

ಹಂತ 1: ಕಡಗೋಲಿನ ಹಗ್ಗವನ್ನು ನೆನಪಿಸಿಕೊಳ್ಳಿ

ಮಿಕ್ಸಿ ಬರುವ ಮೊದಲು ಮಜ್ಜಿಗೆ ಕಡೆಯುತ್ತಿದ್ದದ್ದು ಹೇಗೆ? ಕಂಬಕ್ಕೆ ನಿಲ್ಲಿಸಿದ ಕಡಗೋಲಿಗೆ ಹಗ್ಗ ಸುತ್ತಿ, ಅದರ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿಯುತ್ತಿದ್ದರು. ಬಲಗೈ ಎಳೆದರೆ ಕೋಲು ಒಂದು ಕಡೆ ತಿರುಗುತ್ತದೆ, ಎಡಗೈ ಎಳೆದರೆ ಇನ್ನೊಂದು ಕಡೆ. ಹಗ್ಗವನ್ನು ತಳ್ಳಲು ಬರುವುದಿಲ್ಲ. ಒಂದು ಕೈ ಎಳೆಯುವಾಗ ಇನ್ನೊಂದು ಕೈ ಅಳತೆಯಿಂದ ಬಿಟ್ಟುಕೊಡಬೇಕು. ಪೂರಾ ಸಡಿಲ ಬಿಟ್ಟರೆ ಹಗ್ಗ ಜಾರುತ್ತದೆ, ಬಿಡದೆ ಹಿಡಿದರೆ ಕೋಲು ನಿಲ್ಲುತ್ತದೆ.

ಮೈಯ ಸ್ನಾಯುಗಳದ್ದೂ ಇದೇ ಕಟ್ಟುಪಾಡು. ಮೂಳೆಗೆ ಅಂಟಿದ ಸ್ನಾಯುಗಳು ನಮ್ಮಲ್ಲಿ 600ಕ್ಕೂ ಹೆಚ್ಚಿವೆ. ಅವುಗಳಲ್ಲಿ ತಳ್ಳಬಲ್ಲದ್ದು ಒಂದೂ ಇಲ್ಲ, ಎಲ್ಲವೂ ಎಳೆಯುವವೇ. ಹಾಗಿದ್ದರೆ ಬಾಗಿಲನ್ನು ತಳ್ಳುವುದು ಹೇಗೆ? ಮಾಡಿ ನೋಡಿ. ಬಲಗೈಯನ್ನು ಮೊಣಕೈಯಲ್ಲಿ ಮಡಚಿ, ಅಂಗೈಯನ್ನು ಮೇಜಿನ ಅಡಿಗೆ ಕೊಟ್ಟು ಮೇಲಕ್ಕೆ ಎತ್ತಲು ನೋಡಿ. ಎಡಗೈಯಿಂದ ಬಲತೋಳನ್ನು ಮುಟ್ಟಿದರೆ ಮುಂಭಾಗದ ದ್ವಿಶಿರ ಸ್ನಾಯು ಕಲ್ಲಿನಂತೆ ಗಟ್ಟಿಯಾಗಿರುತ್ತದೆ, ಹಿಂಭಾಗ ಮೆತ್ತಗಿರುತ್ತದೆ. ಈಗ ಅಂಗೈಯನ್ನು ಮೇಜಿನ ಮೇಲಿಟ್ಟು ಕೆಳಕ್ಕೆ ಒತ್ತಿ. ಹಿಂಭಾಗದ ತ್ರಿಶಿರ ಸ್ನಾಯು ಬಿಗಿಯುತ್ತದೆ, ಮುಂಭಾಗ ಸಡಿಲಾಗುತ್ತದೆ. ತೋಳಿನ ಹಿಂದಿನ ಆ ಸ್ನಾಯು ಮೊಣಕೈಯ ಮೊನೆಯನ್ನು ಎಳೆದದ್ದೇ ಅಂಗೈಯ ತುದಿಯಲ್ಲಿ ತಳ್ಳಾಟವಾಗಿ ಕಾಣಿಸಿಕೊಂಡಿತು.

ಒಂದು ಎಳೆಯುವಾಗ ಎದುರಿನದು ಸಡಿಲಾಗಬೇಕು ಎಂಬ ಆಜ್ಞೆಯನ್ನು ನಾವು ಯೋಚಿಸಿ ಕೊಡುವುದಿಲ್ಲ. ಬೆನ್ನುಹುರಿಯೇ ಅದನ್ನು ನೋಡಿಕೊಳ್ಳುತ್ತದೆ. ಈ ಏರ್ಪಾಡನ್ನು ವಿವರವಾಗಿ ಬಿಡಿಸಿಟ್ಟವರು ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್. ನರಕೋಶಗಳ ಮೇಲಿನ ಕೆಲಸಕ್ಕೆ 1932ರಲ್ಲಿ ನೊಬೆಲ್ ಪಡೆದವರು. ರಾತ್ರಿ ಮೀನಖಂಡದಲ್ಲಿ ಸೆಳೆತ ಬಂದು ಎದ್ದು ಕೂರುವವರಿಗೆ ಇದರಿಂದ ನೇರ ಉಪಯೋಗವಿದೆ. ಮಂಡಿಯನ್ನು ನೆಟ್ಟಗೆ ಮಾಡಿ, ಕಾಲ್ಬೆರಳುಗಳನ್ನು ಮೂಗಿನತ್ತ ಎಳೆದುಕೊಳ್ಳಿ. ಕೈಯಿಂದ ಎಳೆದರಷ್ಟೇ ಸಾಲದು, ಪಾದವನ್ನೂ ತಾನಾಗಿ ಮೇಲೆತ್ತಲು ಪ್ರಯತ್ನಿಸಿ. ಮುಂಗಾಲಿನ ಸ್ನಾಯು ದುಡಿಯತೊಡಗಿದರೆ ಎದುರಿನ ಮೀನಖಂಡಕ್ಕೆ "ಬಿಡು" ಎಂಬ ಸಂದೇಶ ಹೋಗುತ್ತದೆ.

ಎರಡೂ ಒಟ್ಟಿಗೆ ಎಳೆಯುವ ಹೊತ್ತೂ ಇದೆ. ಅಂಚಿನವರೆಗೆ ತುಂಬಿದ ಕಾಫಿ ಲೋಟವನ್ನು ನೆಂಟರ ಮುಂದೆ ಒಯ್ಯುವಾಗ ತೋಳಿನ ಹಿಂದು ಮುಂದು ಎರಡೂ ಬಿಗಿಯಾಗಿರುತ್ತವೆ. ಕೀಲು ಅಲುಗದಂತೆ ನಿಲ್ಲಿಸುವ ಉಪಾಯ ಅದು. ಹೊಸದಾಗಿ ಸ್ಕೂಟರ್ ಕಲಿಯುವವರು ಹತ್ತೇ ನಿಮಿಷಕ್ಕೆ ಸುಸ್ತಾಗುವುದು ಇದರಿಂದಲೇ: ಬೇಕಾದಲ್ಲೂ ಬೇಡವಾದಲ್ಲೂ ಎರಡು ಕಡೆಯಿಂದ ಎಳೆದುಕೊಂಡೇ ಇರುತ್ತಾರೆ.

ಹಂತ 2: ಯಾವ ಕೀಲು ಎಷ್ಟು ತಿರುಗುತ್ತದೆ, ನೋಡಿಕೊಳ್ಳಿ

ಮೊಣಕೈ ಬಾಗಿಲ ಬಿಜಾಗರಿಯಂತೆ, ಮಡಚುತ್ತದೆ ಮತ್ತು ಚಾಚುತ್ತದೆ. "ಹೌದು" ಎಂದು ತಲೆಯಾಡಿಸುವಾಗ ತಲೆಬುರುಡೆ ಮೊದಲನೆಯ ಕತ್ತಿನ ಮೂಳೆಯ ಮೇಲೆ ತೂಗುತ್ತದೆ. "ಇಲ್ಲ" ಎನ್ನುವಾಗ ಮೊದಲನೆಯದು ಎರಡನೆಯದರ ಗೂಟವನ್ನು ಸುತ್ತುತ್ತದೆ. ನಮ್ಮವರು ಎರಡನ್ನೂ ಬೆರೆಸಿ ಓರೆಯಾಗಿ ತಲೆ ಅಲ್ಲಾಡಿಸುತ್ತಾರಲ್ಲ, ಅದಕ್ಕೆ ಕತ್ತಿನ ಇನ್ನುಳಿದ ಮೂಳೆಗಳೂ ಬೇಕು.

ನಿಂತು ನೋಡಬೇಕಾದ ಜೋಡಿಯೆಂದರೆ ಸೊಂಟ ಮತ್ತು ಭುಜ. ಎರಡನ್ನೂ ಪಠ್ಯಪುಸ್ತಕ ಚೆಂಡು–ಕುಳಿಯ ಕೀಲು ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತದೆ. ಆದರೆ ಸೊಂಟದ ಕೀಲು ಒರಳುಕಲ್ಲು ಮತ್ತು ಗುಂಡುಕಲ್ಲಿನ ಹಾಗೆ. ಕುಳಿ ಆಳ, ಗುಂಡು ಅದರೊಳಗೆ ಭದ್ರ, ಮೈಯ ಭಾರ ಹೊರಲು ಹೇಳಿ ಮಾಡಿಸಿದ್ದು. ಭುಜ ಹಾಗಲ್ಲ. ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು ಚಮಚದಲ್ಲಿ ನಿಂಬೆಹಣ್ಣು ಇಟ್ಟುಕೊಂಡು ಓಡುತ್ತಾರಲ್ಲ, ಭುಜ ಅಂಥದ್ದು. ಕುಳಿ ಆಳವಿಲ್ಲ, ಗುಂಡು ದೊಡ್ಡದು. ಅದಕ್ಕೇ ಕೈ ಎಲ್ಲ ದಿಕ್ಕಿಗೂ ಹೋಗುತ್ತದೆ, ಅದಕ್ಕೇ ಭುಜ ಬೇಗ ಕಳಚುತ್ತದೆ. ನಿಂಬೆಹಣ್ಣು ಉರುಳದಂತೆ ಸುತ್ತಲಿನಿಂದ ಹಿಡಿದುಕೊಂಡಿರುವವು ನಾಲ್ಕು ಸಣ್ಣ ಸ್ನಾಯುಗಳು.

ಚಮಚವೂ ಸುಮ್ಮನಿರುವುದಿಲ್ಲ. ಮನೆಯವರೊಬ್ಬರ ಬೆನ್ನ ಹಿಂದೆ ನಿಂತು, ಹೆಗಲ ಹಲಗೆಯ ಕೆಳತುದಿಯ ಮೇಲೆ ಬೆರಳಿಟ್ಟು, ಕೈಯನ್ನು ಪಕ್ಕದಿಂದ ನಿಧಾನವಾಗಿ ತಲೆಯ ಮೇಲಕ್ಕೆ ಎತ್ತಲು ಹೇಳಿ. ಹಲಗೆಯ ತುದಿ ನಿಮ್ಮ ಬೆರಳಿನಡಿಯಿಂದ ಜಾರಿ ಕಂಕುಳಿನತ್ತ ಹೊರಳುತ್ತದೆ. ಕೈ 180 ಡಿಗ್ರಿ ಏರಿದರೆ ಅದರಲ್ಲಿ ಸುಮಾರು 120 ಭುಜದ ಕೀಲಿನದು, ಉಳಿದ 60 ಹೆಗಲ ಹಲಗೆಯದು. ಅಟ್ಟದ ಮೇಲಿನ ಡಬ್ಬಿ ತೆಗೆಯಲು ಕೈ ಏರದವರಲ್ಲಿ ಕೆಲವೊಮ್ಮೆ ತಕರಾರು ಭುಜದ್ದಲ್ಲ, ಬಗ್ಗಿ ಬಗ್ಗಿ ಬಿಗಿದುಹೋದ ಬೆನ್ನಿನ ಮೇಲ್ಭಾಗದ್ದು.

ಮೂಳೆಯ ತುದಿಗಳಿಗೆ ಮೃದ್ವಸ್ಥಿಯ ಹೊದಿಕೆ ಇದೆ. ಅದಕ್ಕೆ ರಕ್ತನಾಳಗಳಿಲ್ಲ. ಸ್ಪಂಜನ್ನು ಹಿಂಡಿ ಬಿಟ್ಟಾಗ ನೀರು ಹೀರಿಕೊಳ್ಳುವ ಹಾಗೆ, ಭಾರ ಬಿದ್ದು ಇಳಿದಾಗ ಕೀಲಿನ ಲೋಳೆ ದ್ರವದಿಂದ ಅದು ಆಹಾರ ಪಡೆಯುತ್ತದೆ. ಸವೆಯುತ್ತದೆ ಎಂದು ಹೆದರಿ ಕೀಲನ್ನು ಅಲುಗಿಸದೆ ಇಡುವವರು ಅದನ್ನು ಉಪವಾಸ ಕೆಡವುತ್ತಾರೆ. ಇನ್ನು ಬೆರಳು ಲಟಿಕೆ ಮುರಿದಾಗಿನ ಶಬ್ದ ಮೂಳೆಯದಲ್ಲ, ಆ ದ್ರವದಲ್ಲಿ ಉಂಟಾಗುವ ಅನಿಲದ ಗುಳ್ಳೆಯದು. ಮಕ್ಕಳನ್ನು ಅದಕ್ಕಾಗಿ ಗದರಬೇಕಾಗಿಲ್ಲ.

ಹಂತ 3: ಐದು ಕಿಲೋಗೆ ಮೂವತ್ತೈದು ಕಿಲೋ ಲೆಕ್ಕ

ದ್ವಿಶಿರ ಸ್ನಾಯುವಿನ ಕೆಳತುದಿ ಮುಂಗೈ ಮೂಳೆಗೆ ಅಂಟಿರುವುದು ಮೊಣಕೈಯಿಂದ ಸುಮಾರು 5 ಸೆಂಟಿಮೀಟರ್ ಆಚೆ. ನೀವು ಹಿಡಿದ ಅಕ್ಕಿ ಚೀಲ ಇರುವುದು ಸುಮಾರು 35 ಸೆಂಟಿಮೀಟರ್ ದೂರದಲ್ಲಿ, ಅಂದರೆ ಏಳು ಪಟ್ಟು. ಮೊಣಕೈ ಮಡಚಿ 5 ಕಿಲೋ ಹಿಡಿದು ನಿಂತರೆ ಸ್ನಾಯು 35 ಕಿಲೋದಷ್ಟು ಬಲದಿಂದ ಎಳೆಯಬೇಕು. ಶುದ್ಧ ನಷ್ಟದ ವ್ಯಾಪಾರದಂತೆ ಕಾಣುತ್ತದೆ. ಆದರೆ ಲಾಭ ಇನ್ನೊಂದು ಕಡೆ ಬಂದಿದೆ: ಸ್ನಾಯು 1 ಸೆಂಟಿಮೀಟರ್ ಕುಗ್ಗಿದರೆ ಕೈ 7 ಸೆಂಟಿಮೀಟರ್ ಚಲಿಸುತ್ತದೆ. ಕತ್ತಿ ಬೀಸುವ ವೇಗ, ಕಲ್ಲೆಸೆದು ಮಾವಿನಕಾಯಿ ಉದುರಿಸುವ ವೇಗ ಬಂದದ್ದು ಇಲ್ಲಿಂದ. ನಮ್ಮ ಮೈ ಬಲವನ್ನು ಕೊಟ್ಟು ವೇಗವನ್ನು ಕೊಂಡುಕೊಂಡಿದೆ. ಭಾರ ಎತ್ತುವಾಗ ನಾವು ತೆರುವುದು ಆ ಸಾಲದ ಬಡ್ಡಿ.

ಇದೇ ಸ್ನಾಯು ಅಂಗೈಯನ್ನು ಮೇಲ್ಮುಖವಾಗಿಯೂ ತಿರುಗಿಸುತ್ತದೆ. ಬಲಗೈಯವರಿಗೆ ತಿರುಪು ಬಿಗಿ ಮಾಡುವುದು ಸುಲಭ, ಬಿಚ್ಚುವುದು ಕಷ್ಟ ಎನಿಸುವುದಕ್ಕೆ ಇದೇ ಕಾರಣ.

ಹಂತ 4: ಮಣೆಯಿಂದ ಎದ್ದೇಳಿ

ಮೊದಲು ಕುರ್ಚಿಯ ಮೇಲೆ ಬೆನ್ನು ಒರಗಿಸಿ ನೆಟ್ಟಗೆ ಕುಳಿತುಕೊಳ್ಳಿ. ಪಾದ ಮಂಡಿಯ ನೇರ ಕೆಳಗಿರಲಿ, ಕೈ ಎದೆಯ ಮೇಲೆ. ಯಾರಾದರೂ ನಿಮ್ಮ ಹಣೆಗೆ ಒಂದೇ ಬೆರಳು ಒತ್ತಿ ಹಿಡಿಯಲಿ. ಈಗ ಏಳಿ. ಆಗುವುದಿಲ್ಲ. ಪೈಲ್ವಾನನಿಗೂ ಆಗುವುದಿಲ್ಲ. ತೊಡೆಗೆ ಶಕ್ತಿ ಇಲ್ಲವೆಂದಲ್ಲ, ಮೈಯ ಭಾರ ಪಾದದ ಮೇಲಕ್ಕೆ ಬಂದಿಲ್ಲ, ಅಷ್ಟೇ. ಏಳುವುದೆಂದರೆ ಮೊದಲು ಮುಂದಕ್ಕೆ ಹೋಗುವುದು, ಆಮೇಲೆ ಮೇಲಕ್ಕೆ.

ಊಟದ ಮಣೆಯಿಂದ ಏಳಲು "ಅಯ್ಯೋ ರಾಮಾ" ಎನ್ನುವ ಹಿರಿಯರಿಗೆ ನಾನು ಹೇಳಿಕೊಡುವ ಕ್ರಮ ಇದು. ಚಕ್ಕಂಬಕ್ಕಳ ಬಿಚ್ಚಿ ಒಂದು ಪಾದವನ್ನು ಮೈಗೆ ಆದಷ್ಟು ಹತ್ತಿರ ನೆಲಕ್ಕೂರಿ, ಇನ್ನೊಂದು ಮಂಡಿ ನೆಲದಲ್ಲೇ ಇರಲಿ. ಎರಡೂ ಕೈಯನ್ನು ಪಾದ ಊರಿದ ಕಾಲಿನ ಮಂಡಿಯ ಮೇಲಿಡಿ. ಮೂಗು ಮಂಡಿಯನ್ನು ದಾಟುವಷ್ಟು ಮುಂದೆ ಬಾಗಿ. ಆಗ ಪೃಷ್ಠ ತಾನಾಗಿ ಹಗುರಾದ ಹಾಗೆ ಅನಿಸುತ್ತದೆ. ಆ ಕ್ಷಣದಲ್ಲಿ, ಉಸಿರು ಬಿಡುತ್ತಾ, ಪಾದದಿಂದ ನೆಲವನ್ನು ಕೆಳಕ್ಕೊತ್ತಿ.

ಹೀಗೆ ಏಳುವಾಗ ಒಂದು ಕೈಯನ್ನು ತೊಡೆಯ ಮುಂಭಾಗದ ಮೇಲೆ, ಇನ್ನೊಂದನ್ನು ಪೃಷ್ಠದ ಮೇಲೆ ಇಟ್ಟು ನೋಡಿ, ಎರಡೂ ಒಟ್ಟಿಗೆ ಬಿಗಿಯುತ್ತವೆ. ತೊಡೆಯ ಮುಂದಿನ ನಾಲ್ಕು ತಲೆಯ ಸ್ನಾಯು ಮಂಡಿಯನ್ನು ಚಾಚುತ್ತದೆ, ಪೃಷ್ಠದ ದೊಡ್ಡ ಸ್ನಾಯು ಸೊಂಟವನ್ನು ಚಾಚುತ್ತದೆ. ಮುಂದೆ ಬಾಗದೆ ಏಳಲು ಹೆಣಗುವವರು ಪೃಷ್ಠದ ಪಾಲನ್ನೂ ಮಂಡಿಯ ಮೇಲೆಯೇ ಹೇರುತ್ತಾರೆ. ಮಂಡಿಚಿಪ್ಪು ಇರುವುದು ಆ ನಾಲ್ಕು ತಲೆಯ ಸ್ನಾಯುವಿನ ನಾರಿನೊಳಗೆ, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಯೊಳಗೆ. ಬಾವಿಯ ಹಗ್ಗಕ್ಕೆ ರಾಟೆ ಇರುವ ಹಾಗೆ ಅದು ನಾರನ್ನು ಕೀಲಿನಿಂದ ಮುಂದಕ್ಕೆ ಹಿಡಿದು, ಎಳೆತಕ್ಕೆ ಮೀಟು (ಕೀಲಿನಿಂದ ಎಳೆತದ ಗೆರೆಗಿರುವ ದೂರ) ಒದಗಿಸುತ್ತದೆ. ಈ ಚಿಪ್ಪನ್ನು ನೆನಪಿನಲ್ಲಿಡಿ, ಕೊನೆಯ ಹಂತದಲ್ಲಿ ಬೇಕಾಗುತ್ತದೆ.

ಹಂತ 5: ಬಕೆಟ್ ಎತ್ತಿ, ಸೊಂಟ ಉಳಿಸಿಕೊಳ್ಳಿ

ನಿವೃತ್ತಿಯಾದ ವರ್ಷ, ಅಂಗಳದಲ್ಲಿ ಹರವಿದ ಅಡಿಕೆ ಮೇಲೆ ಮಳೆ ಬರುತ್ತದೆಂದು ಓಡಿ, ಬುಟ್ಟಿಯನ್ನು ಕೈ ಚಾಚಿ ಹಿಡಿದೆತ್ತಿ, ಹಾಗೆಯೇ ಸೊಂಟ ತಿರುಗಿಸಿ ಜಗಲಿಗೆ ಎಸೆದೆ. "ಚುಳುಕ್" ಎಂದಿತು. ಮೂರು ವಾರ ಮಗ್ಗುಲಾಗಿ ಹೊರಳಿ ಏಳಬೇಕಾಯಿತು. ಪಾಠ ಮಾಡಿದ್ದ ಲೆಕ್ಕವೇ ನನ್ನ ಮೇಲೆ ನಡೆದಿತ್ತು.

ಲೆಕ್ಕ ಹೀಗಿದೆ. ಬೆನ್ನಿನ ಕೆಳಭಾಗದ ಐದು ಮೂಳೆಗಳ ಹಿಂದೆ ಓಡುವ ಸ್ನಾಯುಗಳಿಗೆ ಸಿಗುವ ಮೀಟು ಸುಮಾರು 5 ಸೆಂಟಿಮೀಟರ್ ಅಷ್ಟೇ. 10 ಕಿಲೋ ಬಕೆಟ್ಟನ್ನು ಬೆನ್ನಿನಿಂದ 50 ಸೆಂಟಿಮೀಟರ್ ಮುಂದೆ ಹಿಡಿದರೆ ಅವು 100 ಕಿಲೋದಷ್ಟು ಎಳೆಯಬೇಕು. ಅದೇ ಬಕೆಟ್ ಹೊಟ್ಟೆಗೆ ಹತ್ತಿರ, 25 ಸೆಂಟಿಮೀಟರಿನಲ್ಲಿದ್ದರೆ 50 ಸಾಕು. ಬಾಗಿದ ಮುಂಡದ ಸ್ವಂತ ಭಾರ ಇದರ ಮೇಲೆ ಬೇರೆ. ಎಳೆತ ಅಷ್ಟೂ ಮೂಳೆಗಳ ನಡುವಿನ ಮೆತ್ತೆಗಳನ್ನು ಒತ್ತುತ್ತದೆ. ಆದ್ದರಿಂದ ಬೆನ್ನು ನೆಟ್ಟಗಿದೆಯೇ ಬಾಗಿದೆಯೇ ಎಂಬ ಚರ್ಚೆಗಿಂತ ಮೊದಲು ಭಾರ ಎಷ್ಟು ಹತ್ತಿರವಿದೆ ಎಂದು ಕೇಳಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಈಗ ಕೋಲು ತೆಗೆದುಕೊಳ್ಳಿ. ಬೆನ್ನ ಹಿಂದೆ ಉದ್ದಕ್ಕೆ ಹಿಡಿದು ಅದು ತಲೆಯ ಹಿಂಭಾಗ, ಬೆನ್ನಿನ ನಡು, ಪೃಷ್ಠ ಮೂರಕ್ಕೂ ತಾಗುವಂತೆ ನೋಡಿಕೊಳ್ಳಿ. ಮೂರೂ ಕಡೆ ಬಿಡದಂತೆ ಮುಂದೆ ಬಾಗಿ. ಮೊದಲ ಸಲ ಬಹಳಷ್ಟು ಜನಕ್ಕೆ ಕೋಲು ಪೃಷ್ಠದಿಂದ ಎದ್ದುಬಿಡುತ್ತದೆ, ಬಾಗುತ್ತಿರುವುದು ಸೊಂಟದ ಕೀಲಲ್ಲ, ಬೆನ್ನು ಎಂದು ಅದರ ಅರ್ಥ. ಪೃಷ್ಠವನ್ನು ಹಿಂದಕ್ಕೆ, ಹಿತ್ತಲ ಬಾಗಿಲನ್ನು ದೂಡಿ ಮುಚ್ಚುವ ಹಾಗೆ ಸರಿಸಿ. ಮಂಡಿ ಸ್ವಲ್ಪ ಮಡಚಿರಲಿ. ಮಂಡಿ ನೆಟ್ಟಗಿದ್ದರೆ ತೊಡೆಯ ಹಿಂದೆ ಬಿಗಿಯುತ್ತದೆ. ಆ ಸ್ನಾಯು ಸೊಂಟ ಮತ್ತು ಮಂಡಿ ಎರಡು ಕೀಲುಗಳನ್ನೂ ದಾಟಿ ಹೋಗುತ್ತದೆ, ಎರಡೂ ತುದಿಯಲ್ಲಿ ಎಳೆದರೆ ಹಗ್ಗ ಸಾಲದಾಗುತ್ತದೆ. ಇದನ್ನೇ ನಮ್ಮ ಕಡೆ "ನರ ಹಿಡಿದಿದೆ" ಎನ್ನುತ್ತಾರೆ. ಸ್ನಾಯುವಿನ ನಾರು, ರಕ್ತನಾಳ, ನಿಜವಾದ ನರ ಮೂರಕ್ಕೂ ನಮ್ಮಲ್ಲಿ ಇರುವುದು ಒಂದೇ ಶಬ್ದ. ವೈದ್ಯರ ಬಳಿ ಹೋದಾಗ ಇದರಿಂದ ಆಗುವ ಗೊಂದಲ ಅಷ್ಟಿಷ್ಟಲ್ಲ.

ಕೋಲಿನ ಪಾಠ ಕೈಗೆ ಹತ್ತಿದ ಮೇಲೆ ಬಕೆಟ್ಟಿಗೆ ಬನ್ನಿ. ಎರಡು ಪಾದದ ನಡುವೆ ಬಕೆಟ್, ಸೊಂಟದ ಕೀಲಿನಿಂದ ಬಾಗಿ ಹಿಡಿಯಿರಿ, ಹೊಟ್ಟೆಯನ್ನು ಕೆಮ್ಮುವ ಮೊದಲಿನಷ್ಟು ಬಿಗಿ ಮಾಡಿ, ಎತ್ತಿ. ತಿರುಗಬೇಕಾದರೆ ಪಾದವನ್ನೇ ತಿರುಗಿಸಿ. ನಾನು ತಪ್ಪಿದ್ದು ಅಲ್ಲಿ. ಸೊಪ್ಪಿನ ಹೊರೆಯನ್ನು ತಲೆಯ ಮೇಲೆ ಹೊತ್ತು ದರೆಯ (ಕಡಿದಾದ ಮಣ್ಣಿನ ಇಳಿಜಾರಿನ) ದಾರಿಯಲ್ಲಿ ಬರುವ ಹೆಂಗಸರು ಈ ಲೆಕ್ಕವನ್ನು ಯಾರೂ ಹೇಳದೆ ಬಲ್ಲರು. ಭಾರ ಬೆನ್ನುಮೂಳೆಯ ನೇರಕ್ಕೆ ಬಿದ್ದರೆ ಮೀಟಿನ ಗೊಡವೆಯೇ ಇಲ್ಲ. ಕುತ್ತಿಗೆ ಅದಕ್ಕೆ ಬೆಲೆ ತೆರುತ್ತದೆ, ಆ ಮಾತು ಬೇರೆ.

ಹಂತ 6: ಒಂಟಿಕಾಲಲ್ಲಿ ನಿಂತು ಇಂಬಳ (ಜಿಗಣೆ) ಕಿತ್ತುಹಾಕಿ

ಮಳೆಗಾಲದಲ್ಲಿ ತೋಟಕ್ಕೆ ಹೋದವರೆಲ್ಲ ಈ ವ್ಯಾಯಾಮ ಮಾಡಿರುತ್ತಾರೆ. ಕಾಲ ಸಂದಿಯಲ್ಲಿ ಇಂಬಳ ಕಂಡಿತು, ಒಂದು ಕಾಲೆತ್ತಿ ಇನ್ನೊಂದರ ಮೇಲೆ ನಿಂತಿರಿ. ಆಗ ನಿಮ್ಮ ನಡು ಎತ್ತಿದ ಕಾಲಿನ ಕಡೆಗೆ ವಾಲಿಬಿಡಬೇಕಿತ್ತು. ವಾಲದಂತೆ ಹಿಡಿಯುವುದು ನಿಂತ ಕಾಲಿನ ಕಡೆಯ ಸೊಂಟದ ಪಕ್ಕದ ಸ್ನಾಯು. ಪ್ಯಾಂಟಿನ ಪಕ್ಕದ ಜೇಬಿನ ಮೇಲ್ಭಾಗದಲ್ಲಿ ಅಂಗೈ ಇಟ್ಟು ಕಾಲೆತ್ತಿ ನೋಡಿ, ಗಟ್ಟಿಯಾಗುವುದು ತಿಳಿಯುತ್ತದೆ.

ನಡೆಯುವುದೂ ಒಂಟಿಕಾಲಿನ ಕೆಲಸವೇ. ಸಾಧಾರಣ ನಡಿಗೆಯ ಮುಕ್ಕಾಲಿಗೂ ಹೆಚ್ಚು ಹೊತ್ತು ಒಂದೇ ಪಾದ ನೆಲದಲ್ಲಿರುತ್ತದೆ. ಪ್ರತಿ ಹೆಜ್ಜೆಗೂ ಈ ಪಕ್ಕದ ಸ್ನಾಯು ಎಳೆಯುತ್ತದೆ, ಆ ಎಳೆತವೂ ಮೈತೂಕವೂ ಸೇರಿ ಸೊಂಟದ ಕೀಲಿನ ಮೇಲೆ ಮೈತೂಕದ ಎರಡೂವರೆ ಪಟ್ಟಿನಷ್ಟು ಬೀಳುತ್ತದೆ. ಇಲ್ಲಿ ಹತ್ತರಲ್ಲಿ ಎಂಟು ಮಂದಿಗಾದರೂ ನಾನು ತಿದ್ದಿರುವ ತಪ್ಪೊಂದಿದೆ: ಊರುಗೋಲನ್ನು ನೋವಿರುವ ಕಡೆಯ ಕೈಯಲ್ಲೇ ಹಿಡಿಯುವುದು. ಎಡಸೊಂಟ ನೋಯುತ್ತಿದ್ದರೆ ಕೋಲು ಬಲಗೈಯಲ್ಲಿರಬೇಕು, ಎಡಗಾಲಿನೊಂದಿಗೆ ಮುಂದೆ ಹೋಗಬೇಕು. ದೂರದಲ್ಲಿ ಊರಿದ ಕೋಲಿಗೆ ಮೀಟು ಉದ್ದ. ಕೈ ಸ್ವಲ್ಪ ಒತ್ತಿದರೂ ಎಡಸೊಂಟದ ಪಕ್ಕದ ಸ್ನಾಯುವಿಗೆ ಬಹಳಷ್ಟು ಕೆಲಸ ತಪ್ಪುತ್ತದೆ.

ಕಾಲುಸಂಕ (ಹಳ್ಳದ ಮೇಲಿನ ಕಿರುಸೇತುವೆ) ದಾಟುವಾಗ ಕಣಕಾಲಿನ ಎರಡು ಬದಿಯ ಸ್ನಾಯುಗಳು ಕಡಗೋಲಿನ ಆಟ ಆಡುತ್ತವೆ, ಒಂದು ಕ್ಷಣ ಒಳಗೆ, ಒಂದು ಕ್ಷಣ ಹೊರಗೆ. ಮನೆಯಲ್ಲಿ ಗೋಡೆಯ ಪಕ್ಕ ಒಂಟಿಕಾಲಲ್ಲಿ ಅರ್ಧ ನಿಮಿಷ ನಿಲ್ಲಿ. ಕಣ್ಣು ಮುಚ್ಚಿದರೆ ಎಷ್ಟು ಬೇಗ ಓಲಾಡುತ್ತೀರಿ ಎಂಬುದನ್ನೂ ನೋಡಿ. ಗೋಡೆ ಕೈಗೆಟುಕುವಂತಿರಲಿ.

ಹಂತ 7: ಮೆಟ್ಟುಗತ್ತಿಯ ಮುಂದೆ ಕುಳಿತ ಕೈ

ಬೆರಳುಗಳೊಳಗೆ ಎಳೆಯುವ ಸ್ನಾಯುಗಳಿಲ್ಲ. ಬೊಂಬೆಯಾಟದ ಸೂತ್ರದ ಹಾಗೆ ಮುಂಗೈಯಲ್ಲಿರುವ ಸ್ನಾಯುಗಳು ಉದ್ದನೆಯ ನಾರುಗಳಿಂದ ಅವನ್ನು ಆಡಿಸುತ್ತವೆ, ಅಂಗೈಯ ಸಣ್ಣ ಸ್ನಾಯುಗಳು ನೆರವಾಗುತ್ತವೆ. ಮುಂಗೈಯನ್ನು ಹಿಡಿದುಕೊಂಡು ಬೆರಳಾಡಿಸಿದರೆ ಒಳಗೆ ಇಲಿ ಓಡಾಡಿದ ಹಾಗೆ ತಿಳಿಯುತ್ತದೆ. ಮಧ್ಯದ ಬೆರಳನ್ನು ಮಡಚಿ ಒಳಗೆ ಸೇರಿಸಿ, ಅಂಗೈಯನ್ನು ಮೇಜಿನ ಮೇಲೆ ಊರಿ, ಉಂಗುರದ ಬೆರಳನ್ನು ಮಾತ್ರ ಎತ್ತಿ ನೋಡಿ. ಏಳುವುದೇ ಇಲ್ಲ. ಅಕ್ಕಪಕ್ಕದ ಬೆರಳುಗಳ ನಾರುಗಳು ಒಂದಕ್ಕೊಂದು ಹೆಣೆದುಕೊಂಡಿವೆ.

ಇನ್ನೊಂದು ಪ್ರಯೋಗ. ಮಣಿಕಟ್ಟನ್ನು ಪೂರ್ತಿ ಒಳಕ್ಕೆ ಬಗ್ಗಿಸಿ, ಹಾಗೆಯೇ ಬಿಗಿಯಾಗಿ ಮುಷ್ಟಿ ಕಟ್ಟಿ. ಕಟ್ಟಲಾಗುವುದಿಲ್ಲ. ಬೆರಳು ಮಡಚುವ ಸ್ನಾಯುಗಳು ಮಣಿಕಟ್ಟು ಬಗ್ಗಿದಾಗಲೇ ಕುಗ್ಗಿ ಮುಗಿದಿರುತ್ತವೆ. ಮಣಿಕಟ್ಟನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿದಾಗ ಹಿಡಿತ ಅತ್ಯಂತ ಗಟ್ಟಿ. ಮೆಟ್ಟುಗತ್ತಿಯಲ್ಲಿ (ಮಣೆಗೆ ನಿಲ್ಲಿಸಿದ ಕತ್ತಿ) ಅಡಿಕೆ ಸುಲಿಯುವವರ ಕೈ ನೋಡಿ: ನುರಿತವರ ಮಣಿಕಟ್ಟು ಹೀಗೇ ಇರುತ್ತದೆ, ಹೊಸಬರದು ಒಳಕ್ಕೆ ಬಗ್ಗಿರುತ್ತದೆ. ಅದಕ್ಕೇ ಹೊಸಬರು ಹೆಚ್ಚು ಬಲ ಹಾಕಿ, ಬೇಗ ದಣಿದು, ಬೆರಳೂ ಕುಯ್ದುಕೊಳ್ಳುತ್ತಾರೆ. ಕತ್ತಿಯ ಅಲಗು ಮೊಣಕೈಗಿಂತ ಕೆಳಗೆ ಬರುವಂತೆ ಮಣೆಯ ಎತ್ತರ ಸರಿಮಾಡಿಕೊಳ್ಳಿ, ಹೆಗಲು ಕಿವಿಯ ಕಡೆಗೆ ಏರದಿರಲಿ. ಒಂದು ಡಬ್ಬ ಸುಲಿದಾದ ಮೇಲೆ ಬೆರಳುಗಳನ್ನು ಪೂರಾ ಅಗಲಿಸಿ ಹತ್ತು ಸಲ ಬಿಡಿಸಿ. ಇಡೀ ಸಂಜೆ ಮಡಚುವ ಸ್ನಾಯುಗಳೇ ಎಳೆದಿರುತ್ತವೆ, ಎದುರಿನವಕ್ಕೂ ಸರದಿ ಬರಲಿ.

ಹಂತ 8: ಈಗ ಗುಡ್ಡ ಇಳಿಯಿರಿ

ಕೊನೆಗಾರನ ಪ್ರಶ್ನೆಗೆ ಬಂದೆವು. ಹತ್ತುವಾಗ ತೊಡೆಯ ಮುಂದಿನ ಸ್ನಾಯು ಕುಗ್ಗುತ್ತಾ ಎಳೆಯುತ್ತದೆ. ಇಳಿಯುವಾಗಲೂ ಅದೇ ಸ್ನಾಯು ಎಳೆಯುತ್ತದೆ, ಆದರೆ ಉದ್ದವಾಗುತ್ತಾ. ಇದನ್ನು ಮುಟ್ಟಿ ನೋಡಲು ಮೆಟ್ಟಿಲೊಂದರ ಮೇಲೆ ನಿಂತು, ತೊಡೆಯ ಮೇಲೆ ಅಂಗೈ ಇಟ್ಟು, ಇನ್ನೊಂದು ಕಾಲನ್ನು ನಿಧಾನವಾಗಿ ಕೆಳಗಿನ ಮೆಟ್ಟಿಲಿಗೆ ಇಳಿಸಿ. ಮಂಡಿ ಮಡಚುತ್ತಿದೆ, ಮಡಚುವ ಸ್ನಾಯುವಲ್ಲವೇ ದುಡಿಯಬೇಕು? ಅಲ್ಲ. ಅಂಗೈ ಕೆಳಗೆ ಗಟ್ಟಿಯಾಗಿರುವುದು ಚಾಚುವ ಸ್ನಾಯು. ಮಡಚುವ ಕೆಲಸವನ್ನು ಭೂಮಿಯ ಸೆಳೆತವೇ ಮಾಡುತ್ತಿದೆ, ನಿಮ್ಮ ಸ್ನಾಯು ಇಂಚಿಂಚಾಗಿ ಬಿಟ್ಟುಕೊಡುತ್ತಿದೆ. ಅದು ಬಿಡುವುದನ್ನು ಮರೆತರೆ ಕಾಲು ಮರಗಟ್ಟುತ್ತದೆ, ಹಿಡಿಯುವುದನ್ನು ಮರೆತರೆ ನೀವು ಮುಗ್ಗರಿಸುತ್ತೀರಿ.

ಅವನಿಗೆ ಆಗುಂಬೆ ಘಾಟಿಯ ಬಸ್ಸನ್ನು ತೋರಿಸಿ ಹೇಳಿದೆ. 14 ತಿರುವುಗಳನ್ನು ಹತ್ತುವಾಗ ಎಂಜಿನ್ ಬಿಸಿಯಾಗುತ್ತದೆ. ಇಳಿಯುವಾಗ ಎಂಜಿನ್ನಿಗೆ ಕೆಲಸವಿಲ್ಲ, ಬ್ರೇಕ್ ಬಿಸಿಯಾಗುತ್ತದೆ. ಏದುಸಿರು ಎಂಜಿನ್ನಿನದು, ಮಂಡಿನೋವು ಬ್ರೇಕಿನದು. ಉದ್ದವಾಗುತ್ತಾ ಎಳೆಯುವಾಗ ಸ್ನಾಯುವಿಗೆ ಪ್ರಾಣವಾಯು ಕಡಿಮೆ ಸಾಕು, ಹಾಗಾಗಿ ಉಸಿರು ಸುಮ್ಮನಿರುತ್ತದೆ. ಆದರೆ ಅಷ್ಟೇ ಬಲಕ್ಕೆ ಸ್ನಾಯುವಿನ ಕಡಿಮೆ ಎಳೆಗಳು (ತಂತುಗಳು) ದುಡಿಯುತ್ತವೆ, ಒಂದೊಂದು ಎಳೆಯ ಮೇಲೂ ಹೆಚ್ಚು ಜಗ್ಗಾಟ ಬೀಳುತ್ತದೆ. ಆ ಎಳೆತ ಮಂಡಿಚಿಪ್ಪನ್ನು ಅದರ ಹಿಂದಿನ ಮೂಳೆಯ ತೋಡಿಗೆ ಒತ್ತುತ್ತದೆ, ಮಂಡಿ ಮಡಚಿದಷ್ಟೂ ಒತ್ತಡ ಹೆಚ್ಚು. ಸಮತಟ್ಟಿನ ನಡಿಗೆಯಲ್ಲಿ ಮಂಡಿಯ ಮೇಲೆ ಮೈತೂಕದ ಎರಡರಿಂದ ಮೂರು ಪಟ್ಟು ಬಿದ್ದರೆ, ಮೆಟ್ಟಿಲು ಇಳಿಯುವಾಗ ಮೂರು ಪಟ್ಟನ್ನೂ ದಾಟುತ್ತದೆ.

1,343 ಮೀಟರ್ ಎತ್ತರದ ಕೊಡಚಾದ್ರಿಯನ್ನು ನಡೆದು ಹತ್ತಿಳಿದವರಿಗೆ ಮರುದಿನಕ್ಕಿಂತ ಅದರ ಮಾರನೆಯ ದಿನ ತೊಡೆ ಹೆಚ್ಚು ನೋಯುತ್ತದೆ. ಅದು ಇಳಿದದ್ದರ ಬಾಕಿ: ಎಳೆಗಳಲ್ಲಾದ ಸಣ್ಣ ಸಣ್ಣ ಹರುಕುಗಳು ಮತ್ತು ಅವುಗಳ ದುರಸ್ತಿ. ಲ್ಯಾಕ್ಟಿಕ್ ಆಮ್ಲ ಕಟ್ಟಿಕೊಂಡಿದೆ ಎಂಬ ಮಾತನ್ನು ನಾನೂ ತರಗತಿಯಲ್ಲಿ ಹೇಳಿದ್ದೆ. ಅದು ತಪ್ಪು. ಆ ಆಮ್ಲ ನಡಿಗೆ ನಿಂತ ಒಂದೆರಡು ಗಂಟೆಯೊಳಗೆ ರಕ್ತದಿಂದ ಇಳಿದುಹೋಗಿರುತ್ತದೆ.

ಇಳಿಯುವ ಕ್ರಮ ಹೀಗಿರಲಿ. ಹೆಜ್ಜೆ ಚಿಕ್ಕದು, ಎಷ್ಟು ಚಿಕ್ಕದೆಂದರೆ ಜೊತೆಯವರು ನಗುವಷ್ಟು. ಮಂಡಿಯನ್ನು ಪೂರ್ತಿ ನೆಟ್ಟಗೆ ಬೀಗ ಹಾಕಿ ನೆಲಕ್ಕೆ ಕುಕ್ಕಬೇಡಿ, ಹೊಡೆತ ನೇರ ಕೀಲಿಗೆ ಬೀಳುತ್ತದೆ, ಸ್ವಲ್ಪ ಮಡಚಿರಲಿ. ಕಡಿದಾದಲ್ಲಿ ದನಗಳು ಇಳಿಯುವ ಹಾಗೆ ಓರೆಯಾಗಿ, ಅಡ್ಡಡ್ಡ ಇಳಿಯಿರಿ. ಕೋಲನ್ನು ಪಾದಕ್ಕಿಂತ ಮೊದಲು ಕೆಳಗೆ ಊರಿ. ಪಾಚಿಗಟ್ಟಿದ ಕಲ್ಲಿನ ಮೇಲೆ ಹಿಂದಕ್ಕೆ ವಾಲಿದರೆ ಜಾರುವುದು ಖಂಡಿತ, ಮುಂಡ ಪಾದದ ನೇರಕ್ಕಿರಲಿ.

ಬ್ರೇಕನ್ನು ಗಟ್ಟಿ ಮಾಡಿಕೊಳ್ಳಲೂ ಬರುತ್ತದೆ. ಜಗಲಿಯ 15–20 ಸೆಂಟಿಮೀಟರ್ ಎತ್ತರದ ಮೆಟ್ಟಿಲ ಮೇಲೆ ಕಂಬ ಹಿಡಿದು ನಿಲ್ಲಿ. ಮೂರು ಎಣಿಸುತ್ತಾ ಒಂದು ಹಿಮ್ಮಡಿಯನ್ನು ನೆಲಕ್ಕೆ ತಾಗಿಸಿ, ಭಾರ ಹಾಕದೆ ಮೇಲೆ ಬನ್ನಿ. ನಿಂತ ಕಾಲಿನ ಮಂಡಿ ಒಳಕ್ಕೆ ಕುಸಿಯದೆ ಎರಡನೆಯ ಕಾಲ್ಬೆರಳಿನ ನೇರಕ್ಕಿರಬೇಕು. ಒಳಕ್ಕೆ ಕುಸಿದರೆ ಹಂತ 6ರ ಸೊಂಟದ ಪಕ್ಕದ ಸ್ನಾಯು ದುರ್ಬಲವಿರಬಹುದು. ಒಂದು ಕಾಲಿಗೆ ಎಂಟು ಸಲ, ವಾರಕ್ಕೆ ಮೂರು ದಿನ. ತೊಡೆ ನೋಯಬಹುದು, ಮಂಡಿಯೊಳಗೆ ಚುಚ್ಚಿದರೆ ಮೆಟ್ಟಿಲನ್ನು ತಗ್ಗಿಸಿ. ಬೆಟ್ಟ ಹತ್ತುವ ಯೋಚನೆಯಿದ್ದರೆ ಎರಡು ವಾರ ಮೊದಲು ಮನೆಯ ಹತ್ತಿರದ ಇಳಿಜಾರನ್ನೊಮ್ಮೆ ಇಳಿದು ಬನ್ನಿ. ಒಮ್ಮೆ ಹೀಗೆ ನೋಯಿಸಿಕೊಂಡ ಸ್ನಾಯು ಮುಂದಿನ ಕೆಲವು ವಾರ ಅಷ್ಟು ನೋಯುವುದಿಲ್ಲ.

ಕೀಲು ಊದಿಕೊಂಡು ಬಿಸಿಯಾಗಿದ್ದರೆ, ಮಂಡಿ ಮಧ್ಯದಲ್ಲಿ ಸಿಕ್ಕಿಹಾಕಿಕೊಂಡರೆ, ಬಿದ್ದ ಮೇಲೆ ಕಾಲೂರಲಾಗದಿದ್ದರೆ, ಕಾಲಿನಲ್ಲಿ ಜೋಮು ಅಥವಾ ಶಕ್ತಿಗುಂದಿದ ಹಾಗಿದ್ದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ, ವೈದ್ಯರಿಗೆ ತೋರಿಸಿ. ಸೊಂಟನೋವಿನ ಜೊತೆ ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಹೋಗಬೇಕು.

ಇಷ್ಟೆಲ್ಲ ಕೇಳಿದ ನನ್ನ ವಿದ್ಯಾರ್ಥಿ ಎಲೆಯುಗುಳಿ ಇನ್ನೊಂದು ಕೇಳಿದ: "ಹಾಗಾದರೆ ಮೇಷ್ಟ್ರೇ, ಅಡಿಕೆ ಮರ ಇಳಿಯುವಾಗ ಮಂಡಿ ಯಾಕೆ ನೋಯುವುದಿಲ್ಲ?" ಈ ಸಲ ಉತ್ತರ ಗೊತ್ತಿತ್ತು. ಮರ ಇಳಿಯುವಾಗ ಅವನು ಜಾರುತ್ತಾನೆ. ಭಾರವನ್ನು ತಡೆಯುವುದು ಕಾಲಿನ ಕುಣಿಕೆ ಮತ್ತು ತೋಳಿನ ನಡುವೆ ಉಜ್ಜುವ ಮರದ ಮೈ. ಬ್ರೇಕ್ ಅವನ ಮಂಡಿಯಲ್ಲಿಲ್ಲ, ಮರದಲ್ಲಿದೆ. ಅವನು ತನ್ನ ಎದೆಯ ಮೇಲಿನ ತರಚು ಕಲೆಗಳನ್ನೊಮ್ಮೆ ನೋಡಿಕೊಂಡು, ಕೋಲನ್ನು ಬಲಗೈಯಿಂದ ಎಡಗೈಗೆ ಬದಲಿಸಿ, ಅಡ್ಡಡ್ಡವಾಗಿ ದರೆ ಇಳಿದು ಹೋದ.